ರಾಹುಕಾಲ ನೋಡಿ ಬರೆದ ಲಾಗ್ ಬುಕ್ಕು

ಆ ವರ್ಷದ ಮಾವಿನ ಸೀಸನ್ನಿನಲ್ಲಿ ನಾನು ಲಾರಿಯ ಸ್ಟೇರಿಂಗನ್ನೇ ಮುಟ್ಟಲಿಲ್ಲ. ಪುಸ್ತಕದಲ್ಲಿ ಹಾಗೇ ಬರೆದಿದೆ. ಶ್ರೀನಿವಾಸಪುರದಿಂದ ಬೆಂಗಳೂರಿಗೆ ಮಾವಿನಕಾಯಿ ಹೊತ್ತು, ವಾಪಸು ಬರುವಾಗ ಮಾಲೂರಿನಲ್ಲಿ ಹೆಂಚು ತುಂಬಿಕೊಂಡು ಬರುತ್ತಿದ್ದ ಲಾರಿಯನ್ನು ಓಡಿಸಿದವರು ಬೈರಕೂರಿನ ಮಾಮ. ಅದೇ ದಿನ, ಅದೇ ಹೊತ್ತಿನಲ್ಲಿ, ಇನ್ನೊಂದು ಲಾರಿಯನ್ನು ಮದರಾಸಿಗೆ ಓಡಿಸಿದವರೂ ಅದೇ ಮಾಮ. ಈ ಪವಾಡವನ್ನು ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದವನು ನಾನು.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು. ಕ್ಯಾಲನೂರಿನಲ್ಲಿ ನಮ್ಮದು ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ಸಾಕುವಾಗ ಮನೆಯಲ್ಲಿ ಇರುತ್ತಿದ್ದೆ, ಮಾವಿನ ಕಾಲ ಬಂದರೆ ಲಾರಿ ಹತ್ತುತ್ತಿದ್ದೆ. ನನ್ನಂಥ ಪಾರ್ಟ್ ಟೈಮ್ ಡ್ರೈವರುಗಳು ನಮ್ಮ ಕಡೆ ಬೇಕಾದಷ್ಟಿದ್ದರು. ಬೇಸಿಗೆ ರಾಗಿಯ ಕೊಯ್ಲು ಮುಗಿಸಿ ಬಂದವರು, ಹೆಂಚಿನ ಫ್ಯಾಕ್ಟರಿಗೆ ರಜೆ ಹಾಕಿ ಬಂದವರು. ನಾವೆಲ್ಲ ಕಾಯಿಯ ಜೊತೆ ಬಂದು ಕಾಯಿಯ ಜೊತೆ ಮಾಯವಾಗುವ ಜನ.

ಮಾಮ ನನಗೆ ನೆಂಟರೇನಲ್ಲ. ಐವತ್ತರ ಹತ್ತಿರದ ಮನುಷ್ಯ, ಲೈಸೆನ್ಸು ಹಿಡಿದು ಇಪ್ಪತ್ತು ವರ್ಷ ದಾಟಿತ್ತು. ಬೈರಕೂರಿನವರು, ಗಡಿ ಪಕ್ಕದವರು, ಹಾಗಾಗಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಮಾವಿನ ಮಂಡಿಯಲ್ಲಿ ಎಲ್ಲರೂ ಅವರನ್ನು ಮಾಮ ಎನ್ನುತ್ತಿದ್ದರು. ಓದು ಬರಹ ಇಲ್ಲ. ಸಹಿ ಮಾತ್ರ ಕಲಿತಿದ್ದರು. ಅದನ್ನು ಹಾಕುವಾಗ ಲಾರಿ ರಿವರ್ಸ್ ತೆಗೆಯುವವರ ಹಾಗೆ ನಾಲಿಗೆ ಕಚ್ಚಿಕೊಂಡು, ಎರಡೂ ಕಡೆ ನೋಡಿಕೊಂಡು ಹಾಕುತ್ತಿದ್ದರು.

ಪವಾಡಕ್ಕೆ ಕಾರಣ ಹೇಳಬೇಕು. ದೊಡ್ಡ ಲಾರಿ ಓಡಿಸುವ ಲೈಸೆನ್ಸು ನನಗೆ ಸಿಕ್ಕಿತ್ತು. ಮೊದಲ ಟೆಸ್ಟಿನಲ್ಲಿ ನೆಟ್ಟಿದ್ದ ನಾಲ್ಕು ಬಿದಿರು ಗಳಗಳಲ್ಲಿ ಮೂರನ್ನು ಮಲಗಿಸಿದೆ. ನಾಲ್ಕನೆಯದನ್ನು ಇನ್‌ಸ್ಪೆಕ್ಟರೇ ಓಡಿಬಂದು ಕಿತ್ತುಕೊಂಡು ಕಾಪಾಡಿದರು. ಎರಡನೆಯ ಸಲ ಪಾಸಾದೆ. ಆದರೆ ಸಂಬಳಕ್ಕೆ ಓಡಿಸಬೇಕಾದರೆ ಆ ಲೈಸೆನ್ಸಿನ ಮೇಲೆ ಇನ್ನೊಂದು ಮೊಹರು ಬೇಕಿತ್ತು. ಸ್ವಂತ ಲಾರಿ ಇದ್ದರೆ ಅದಿಲ್ಲದೆ ನಡೆಯುತ್ತದೆ. ಬೇರೆಯವರ ಕೈಕೆಳಗೆ ಒಂದೇ ಒಂದು ದಿನ ಓಡಿಸಿದರೂ ಬೇಕು. ಪಾರ್ಟ್ ಟೈಮ್, ಫುಲ್ ಟೈಮ್ ಎಂಬ ಭೇದ ಕಾಯಿದೆಗೆ ಇಲ್ಲ. ಅದಕ್ಕೆ ಅರ್ಜಿ ಹಾಕಿದ್ದೆ. ಡಾಕ್ಟರ ಸರ್ಟಿಫಿಕೇಟು, ಫೋಟೋ ಎಲ್ಲ ಕೊಟ್ಟಾಗಿತ್ತು. ಮೊಹರು ಬೀಳುವುದಷ್ಟೇ ಬಾಕಿ.

ಅಷ್ಟರವರೆಗೆ ಕಾಯಿ ಕಾಯುತ್ತದೆಯೇ? ಮಂಡಿಯ ಸಾಹುಕಾರ ಸಲೀಸಾದ ದಾರಿ ಹುಡುಕಿದ. ಅವನ ಬಳಿ ಎರಡು ಲಾರಿ. ಮೊಹರಿದ್ದವರು ಮಾಮ ಒಬ್ಬರೇ. ಎರಡೂ ಪುಸ್ತಕದಲ್ಲಿ ಅವರ ಹೆಸರೇ ಹಾಕಿಬಿಟ್ಟ.

"ತಪ್ಪಲ್ವಾ ಸಾವ್ಕಾರ್ರೇ? ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಇರ್ಬೇಕಂತೆ," ಎಂದು ನಾನು ಒಂದು ಸಲ ಕೇಳಿದ್ದುಂಟು. ಧೈರ್ಯಕ್ಕಲ್ಲ, ತಿಳಿದಿದೆ ಎಂದು ತೋರಿಸಿಕೊಳ್ಳಲು.

"ಏನ್ಲಾ, ಎರಡು ತಿಂಗಳ ಡ್ರೈವರಿಗೆ ಪುಸ್ತಕ ಬೇರೆ ಕೇಡು. ನಿನ್ ಅಕ್ಷರ ಚೆನ್ನಾಗೈತೆ, ಕೂತ್ಕೊಂಡು ಬರೀ."

ಅಕ್ಷರ ಚೆನ್ನಾಗಿದೆ ಎಂದಿದ್ದೇ ತಡ, ನಾನು ಉಬ್ಬಿಹೋದೆ. ಪಿಯುಸಿಯಲ್ಲಿ ಎರಡು ಸಲ ಫೇಲಾದವನಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಲಾಗ್ ಬುಕ್ಕಿನ ನಿಯಮ ಸರಳ. ಒಂದೇ ಸಮ ಐದು ಗಂಟೆಗಿಂತ ಹೆಚ್ಚು ಓಡಿಸಬಾರದು. ಆಮೇಲೆ ಅರ್ಧ ಗಂಟೆ ವಿಶ್ರಾಂತಿ. ದಿನಕ್ಕೆ ಒಟ್ಟು ಎಂಟು ಗಂಟೆ. ಹೊರಟಿದ್ದು, ನಿಂತಿದ್ದು, ಮಲಗಿದ್ದು ಆಯಾ ಹೊತ್ತಿಗೆ ಬರೆದು ಡ್ರೈವರ್ ಸಹಿ ಹಾಕಬೇಕು. ನಮ್ಮ ಮಂಡಿಯ ಪದ್ಧತಿ ಇನ್ನೂ ಸರಳ. ಭಾನುವಾರ ಮಾಮ ಖಾಲಿ ಹಾಳೆಗಳಿಗೆ ಸಾಲಾಗಿ ಸಹಿ ಹಾಕುತ್ತಿದ್ದರು. ನಾನು ಕಾಯಿಯ ರಾಶಿಗೆ ಒರಗಿಕೊಂಡು, ಬರುವ ಇಡೀ ವಾರವನ್ನು ಅವತ್ತೇ ಬರೆದು ಮುಗಿಸುತ್ತಿದ್ದೆ. ಇನ್ನೂ ಬಾರದ ಗುರುವಾರ ಮಾಮ ಎಲ್ಲಿ ಟೀ ಕುಡಿಯುತ್ತಾರೆ ಎಂಬುದು ನನಗೆ ಭಾನುವಾರವೇ ಗೊತ್ತಿರುತ್ತಿತ್ತು. ನನ್ನ ಪುಸ್ತಕದಲ್ಲಿ ಡ್ರೈವರುಗಳು ದಿನವೂ ಎಂಟು ಗಂಟೆ ನಿದ್ದೆ ಮಾಡುತ್ತಿದ್ದರು. ನಿಜವಾದ ಡ್ರೈವರುಗಳು ಎಲ್ಲಿ ಲೋಡು ಇಳಿಸುತ್ತಾರೋ ಅಲ್ಲಿ, ಎರಡು ಗಂಟೆ, ಟಾರ್ಪಾಲಿನ ಕೆಳಗೆ.

ಇದರ ಜೊತೆ ಸಾಹುಕಾರನದೊಂದು ಆಚಾರವಿತ್ತು. ಪುಸ್ತಕದ ಮೊದಲ ಹಾಳೆಗೆ ಅರಿಶಿನ ಕುಂಕುಮ ಇಟ್ಟೇ ಶುರು ಮಾಡುತ್ತಿದ್ದ. ಮತ್ತು ಯಾವ ಲಾರಿಯೂ ರಾಹುಕಾಲದಲ್ಲಿ ಹೊರಟಿತೆಂದು ಬರೆಯುವ ಹಾಗಿಲ್ಲ. ಹೊರಡಬಹುದು. ಬರೆಯುವ ಹಾಗಿಲ್ಲ. ಲೋಡಾದ ತಕ್ಷಣ ಲಾರಿ ಹೊರಡಲೇಬೇಕಲ್ಲ. ಹಣ್ಣಾಗುವ ಕಾಯಿಗೆ ರಾಹುವೂ ಇಲ್ಲ, ಕೇತುವೂ ಇಲ್ಲ. ನಾನು ಪಂಚಾಂಗದ ಕ್ಯಾಲೆಂಡರನ್ನು ಪಕ್ಕದಲ್ಲಿ ತೂಗುಹಾಕಿಕೊಂಡು ಬರೆಯುತ್ತಿದ್ದೆ. ಸೋಮವಾರ ಏಳೂವರೆಯಿಂದ ಒಂಬತ್ತು ಬಿಟ್ಟು, ಬುಧವಾರ ಹನ್ನೆರಡರಿಂದ ಒಂದೂವರೆ ಬಿಟ್ಟು. ಅಷ್ಟು ಮಡಿಯಾಗಿ ಸುಳ್ಳು ಬರೆದವರು ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಆಮೇಲೆ ಬಂತು ಒಂದು ಬುಧವಾರ. ಮಧ್ಯಾಹ್ನ ಹನ್ನೆರಡೂವರೆಗೆ, ಮುಳಬಾಗಿಲು ಇನ್ನೂ ನಾಲ್ಕು ಮೈಲಿ ಇದೆ ಎನ್ನುವಲ್ಲಿ, ಮಾಮನ ಲಾರಿ ಮೋರಿಯ ಕಟ್ಟೆಗೆ ಹೊಡೆದು ಮಗುಚಿಕೊಂಡಿತು. ಕಾಯಿ ಗದ್ದೆ ತುಂಬಾ ಉರುಳಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮಾಮನ ಹಣೆಗೆ ಹೊಲಿಗೆ ಬಿತ್ತು, ಬಲಗೈ ಉಳುಕಿತು. ಸೋಮವಾರ ಸಂಜೆ ಹೊರಟ ಮನುಷ್ಯ ಮದರಾಸಿಗೆ ಹೋಗಿ, ಇಳಿಸಿ, ಮಂಗಳವಾರ ರಾತ್ರಿಯೆಲ್ಲ ಓಡಿಸಿ ವಾಪಸು ಬಂದು, ಬೆಳಗ್ಗೆ ಮತ್ತೆ ಲೋಡು ಹತ್ತಿಸಿಕೊಂಡು ಹೊರಟಿದ್ದರು. ಕಣ್ಣು ಎಲ್ಲಿ ಮುಚ್ಚಿತೋ ಅವರಿಗೂ ಗೊತ್ತಿಲ್ಲ.

ಸಾಹುಕಾರ ನನ್ನ ಹತ್ತಿರ ಓಡಿಬಂದ. ಕೈಯಲ್ಲಿ ಪುಸ್ತಕ. ಹೊಸ ಹೆಂಚಿನ ಬಣ್ಣದ ಮುಖ.

"ಲೇ, ಏನ್ಲಾ ಬರ್ದಿದೀಯ ಇಲ್ಲಿ? ಬುಧವಾರ ಒಂದೂ ನಲವತ್ತಕ್ಕೆ ಹೊರಟಿತು ಅಂತ!"

ಹೌದು, ರಾಹುಕಾಲ ಕಳೆದ ಮೇಲೆ. ಭಾನುವಾರವೇ ಬರೆದಿದ್ದೆ. ನನ್ನ ಪುಸ್ತಕದ ಪ್ರಕಾರ, ಇನ್ನೂ ಹೊರಡದೇ ಇದ್ದ ಲಾರಿ ಒಂದು ಗಂಟೆಯ ಹಿಂದೆಯೇ ಮಗುಚಿಕೊಂಡಿತ್ತು. ನನಗೆ ನಗು ಬಂತು. ಆ ನಗುವಿಗೆ ಇವತ್ತಿಗೂ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

"ಆ ಹಾಳೆ ಕಿತ್ತಾಕು. ಹೊಸದು ಬರಿ. ಮಂಗಳವಾರ ಸಂಜೆ ಐದೂವರೆಗೆ ಬಂದ, ಮನೇಲಿ ಮಲಗಿದ್ದ, ಬುಧವಾರ ಹನ್ನೊಂದಕ್ಕೆ ಹೊರಟ. ಪೊಲೀಸಿನೋರು ಕೇಳ್ತಾರೆ."

ಬರೆದೆ. ಏನೂ ಕೇಳದೆ ಬರೆದೆ. ಖಾಲಿ ಹಾಳೆಯ ಮೇಲೆ ಮಾಮನ ಸಹಿ ಮೊದಲೇ ಇತ್ತು. ಲಾರಿಯವರ ಕಾಗದ ಪತ್ರವೆಂದರೆ ಹೀಗೇ ಎಂದುಕೊಂಡೆ. ಅಕ್ಷರ ಎಂದಿಗಿಂತ ಚೆನ್ನಾಗಿ ಬಂತು.

ಹದಿನೈದು ದಿನ ಕಳೆದ ಮೇಲೆ ಮಾಮ ಹಣೆಗೆ ಪಟ್ಟಿ ಕಟ್ಟಿಕೊಂಡು ಕ್ಯಾಲನೂರಿಗೆ ಬಂದರು. ನಮ್ಮ ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು, ಅವತ್ತು ಲಾರಿಗೆ ರಜೆ ಹಾಕಿದ್ದ ನಾನು ಹುಳಕ್ಕೆ ಹಾಸುತ್ತಿದ್ದೆ.

"ಏಮಿರಾ ನಾಯನಾ, ಇದು ಓದಿ ಹೇಳು," ಎಂದು ಒಂದು ಕವರು ಕೊಟ್ಟರು. "ಸರ್ಕಾರದ್ದು. ನಮ್ಮೂರ ಮೇಷ್ಟ್ರು ಓದ್ತೀನಂದ್ರು, ನಾನೇ ಬೇಡಾಂದೆ. ನೀನಾದ್ರೆ ಸರಿಯಾಗಿ ಓದ್ತೀಯ."

ಆರ್.ಟಿ.ಓ. ನೋಟೀಸು. ಗಟ್ಟಿಯಾಗಿ ಓದತೊಡಗಿದೆ. ಲಾಗ್ ಪುಸ್ತಕದ ಪ್ರಕಾರ ಚಾಲಕನು ಹಿಂದಿನ ಸಂಜೆಯಿಂದ ಪೂರ್ಣ ವಿಶ್ರಾಂತಿ ಪಡೆದಿದ್ದು, ಆದಾಗ್ಯೂ ಅಜಾಗರೂಕತೆಯಿಂದ ವಾಹನ ಚಲಾಯಿಸಿದ್ದು, ಮಾಲೀಕರ ಹೇಳಿಕೆಯಂತೆ ಕುಡಿತದ ಅಭ್ಯಾಸವುಳ್ಳವನಾಗಿದ್ದು, ಆತನ ಲೈಸೆನ್ಸನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ... ಅಲ್ಲಿಗೆ ಓದು ನಿಲ್ಲಿಸಿದೆ.

"ಯಾಕೆ ನಿಂತೆ? ಏನ್ ಬರ್ದಿದೆ ಕುಡಿತ ಅಂತ?"

"ನೀವು ಕುಡೀತೀರಂತೆ ಮಾಮ."

"ನಾನಾ? ನಾನು ಟೀನೇ ಸಕ್ಕರೆ ಇಲ್ದಂಗೆ ಕುಡಿಯೋನು ಕಣೋ!" ಅವರು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಿಲ್ಲಿಸಿದರು. "ನಾನು ಮನೇಲಿ ಮಲಗಿದ್ದೆ ಅಂತ ಯಾರು ಹೇಳಿದ್ದು?"

"ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ಯಾರು ಬರ್ದಿದ್ದು?"

ಅಮ್ಮ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಎಷ್ಟೋ ಸುಳ್ಳುಗಳನ್ನು ಸಲೀಸಾಗಿ ಹೇಳಿದ್ದೇನೆ. ಅವತ್ತು ಒಂದೂ ನೆನಪಿಗೆ ಬರಲಿಲ್ಲ.

"ನಾನೇ ಮಾಮ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು. ಅವರು ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಪೋನೀಲೇ, ಹೋಗ್ಲಿ ಬಿಡು. ನಂದೂ ತಪ್ಪೇ. ಖಾಲಿ ಹಾಳೆ ಮೇಲೆ ಸೈನ್ ಹಾಕ್ದೋನು ನಾನು. ಆದ್ರೆ ಲೈಸೆನ್ಸ್ ಹೋದ್ರೆ ನಾನು ಏನೋ? ಊರಲ್ಲಿ ನಾನು ಡ್ರೈವರು. ಅದು ಬಿಟ್ರೆ ಬರೀ ಮುದುಕ."

ಅಮ್ಮ ಸೊಪ್ಪಿನ ಬುಟ್ಟಿಯನ್ನು ನನ್ನ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು. "ಹುಳ ನಾನ್ ನೋಡ್ಕೊತೀನಿ. ನೀನು ಹೋಗಿ ಬರ್ದಿದ್ದನ್ನ ಅಳಿಸಿ ಬಾ."

ಅಳಿಸುವುದು ಬರೆದಷ್ಟು ಸುಲಭವಲ್ಲ. ಮಾರನೆಯ ದಿನ ಬೈರಕೂರಿಗೆ ಹೋದೆ. ಮಾಮನಿಗೆ ಓದು ಬಾರದಿದ್ದರೂ ಮೊಹರಿನ ಮೇಲೆ ಭಕ್ತಿ ಇತ್ತು. ಮೊಹರು ಬಿದ್ದ ಯಾವ ಚೀಟಿಯನ್ನೂ ಬಿಸಾಡದೆ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟಿದ್ದರು. ಅದರಲ್ಲಿ ಸಂತೆಯ ಸುಂಕದ ಚೀಟಿ ಇತ್ತು, ಯಾವುದೋ ಕಾಲದ ಪಶು ಆಸ್ಪತ್ರೆಯ ಚೀಟಿ ಇತ್ತು, ಸೊಸೈಟಿಯ ರಸೀದಿ ಇತ್ತು. ಜೊತೆಗೆ ಗಡಿ ಚೆಕ್‌ಪೋಸ್ಟಿನ ಚೀಟಿಗಳು, ಒಂದೊಂದರ ಮೇಲೂ ತಾರೀಕು, ಗಂಟೆ. ಇಡೀ ದಿನ ಕೂತು ಬೇರೆ ಮಾಡಿದೆ. ಆ ಬುಧವಾರದ್ದು ಸಿಕ್ಕಿತು: ಬೆಳಗ್ಗೆ ಏಳೂ ಹತ್ತು, ಮದರಾಸಿನ ಕಡೆಯಿಂದ ಒಳಗೆ.

ಸಾಹುಕಾರನಿಗೆ ಸುದ್ದಿ ಮುಟ್ಟಿತು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಕೈ ಹಾಕಿದ.

"ನಿನ್ ಮೊಹರಿನ ಅರ್ಜಿ ಅದೇ ಆಫೀಸರ ಟೇಬಲ್ ಮೇಲೈತೆ, ಗೊತ್ತೇನ್ಲಾ? ಬಾಯಿ ಬಿಟ್ರೆ ಮುದುಕನ ಜೊತೆ ನೀನೂ ಹೋಗ್ತೀಯ. ಮೊಹರಿಲ್ದೆ ಎರಡು ತಿಂಗಳು ಓಡ್ಸಿದೋನು ನೀನು."

"ಓಡ್ಸಿಲ್ಲ ಸಾವ್ಕಾರ್ರೇ. ಪುಸ್ತಕ ನೋಡಿ, ನನ್ ಹೆಸರೇ ಇಲ್ಲ."

ಅವನ ಕೈ ಹೆಗಲಿಂದ ಇಳಿಯಿತು. ಹೇಳುವಾಗ ಗತ್ತಿನಲ್ಲಿ ಹೇಳಿದೆ; ಬಸ್ಸು ಹತ್ತಿದ ಮೇಲೆ ಯಾವ ಊರಿಗೆ ಟಿಕೆಟ್ಟು ಎಂದು ಕಂಡಕ್ಟರು ಮೂರು ಸಲ ಕೇಳಬೇಕಾಯಿತು. ಅವತ್ತೇ ತೀರ್ಮಾನ ಮಾಡಿದೆ. ಹೋದರೆ ಹೋಗಲಿ. ಲೈಸೆನ್ಸು ನನ್ನದು ಹೋಗಬೇಕು, ಅವರದ್ದಲ್ಲ.

ವಿಚಾರಣೆಯ ದಿನ ಮಧ್ಯಾಹ್ನ ಆರ್.ಟಿ.ಓ. ಆಫೀಸಿನಲ್ಲಿ ನಾವು ಮೂವರು. ಸಾಹುಕಾರ ಬಿಳಿ ಪಂಚೆ ಉಟ್ಟು ಕುರ್ಚಿಯ ಮೇಲೆ, ಮಾಮ ಗೋಡೆಗೆ ಅಂಟಿಕೊಂಡು, ನಾನು ಕರೆಯದೇ ಬಂದವನು ಬಾಗಿಲಲ್ಲಿ. ಆಫೀಸರು ಕನ್ನಡಕದ ಮೇಲಿಂದ ನೋಡಿದರು.

"ನೀನ್ಯಾರಪ್ಪ?"

"ಆ ಪುಸ್ತಕ ಬರೆದೋನು ಸಾರ್. ಅದೆಲ್ಲಾ ಸುಳ್ಳು."

"ಸುಳ್ಳು ಹೇಳ್ತಾವ್ನೆ ಸಾರ್ ಇವ್ನು," ಎಂದ ಸಾಹುಕಾರ ಎದ್ದು ನಿಂತು. "ಮುದುಕ ಕಲಿಸಿ ಕರ್ಕೊಂಡು ಬಂದವ್ನೆ."

ಆಫೀಸರು ನಿಟ್ಟುಸಿರು ಬಿಟ್ಟರು. "ಗೆಳೆಯನ್ನ ಉಳಿಸೋಕೆ ಬಂದಿದೀಯ. ಒಳ್ಳೇದು. ಆದ್ರೆ ಪುಸ್ತಕ ನೀಟಾಗಿದೆ. ಇಷ್ಟು ನೀಟಾದ ಪುಸ್ತಕ ನಾನು ನೋಡಿಲ್ಲ."

ನನ್ನ ಬರವಣಿಗೆಗೆ ಸಿಕ್ಕ ಎರಡನೆಯ ಹೊಗಳಿಕೆ ಅದು. ಈಗ ನನ್ನ ಕೆಲಸ ವಿಚಿತ್ರವಾಗಿತ್ತು. ನಂಬಿ ಎಂದು ಕೇಳುವವರನ್ನು ನೋಡಿದ್ದೇನೆ. ನಾನು ಶತಮೂರ್ಖ, ದಯವಿಟ್ಟು ಒಪ್ಪಿಕೊಳ್ಳಿ ಎಂದು ಸಾಕ್ಷಿ ಸಮೇತ ಬೇಡಿಕೊಂಡವನು ನಾನೊಬ್ಬನೇ ಇರಬೇಕು.

"ಸಾರ್, ಆ ಗೋಡೆ ಮೇಲಿರೋ ಕ್ಯಾಲೆಂಡರ್ ತೆಗೀರಿ. ಅದರಲ್ಲಿ ರಾಹುಕಾಲ ನೋಡಿ. ಪುಸ್ತಕದಲ್ಲಿ ಯಾವ್ದಾದ್ರೂ ಹಾಳೆ ತೆಗೀರಿ, ಒಂದೇ ಒಂದು ಲಾರಿ ರಾಹುಕಾಲದಲ್ಲಿ ಹೊರಟಿದ್ರೆ ನನ್ನನ್ನ ಹೊರಗೆ ಹಾಕಿ."

ಆಫೀಸರು ತೆಗೆದರು. ಒಂದು ಹಾಳೆ, ಎರಡು, ಹತ್ತು. ಬೆರಳು ಕ್ಯಾಲೆಂಡರಿಗೂ ಪುಸ್ತಕಕ್ಕೂ ಓಡಾಡಿತು. ಸೋಮವಾರ ಒಂಬತ್ತೂ ಐದು. ಶುಕ್ರವಾರ ಹನ್ನೆರಡೂ ಹತ್ತು. ಅವರ ಮೀಸೆಯಡಿ ಏನೋ ಅಲುಗಿತು.

"ದೈವಭಕ್ತರು ಸಾರ್ ನಾವು," ಎಂದ ಸಾಹುಕಾರ. "ಒಳ್ಳೆ ಹೊತ್ತಲ್ಲೇ ಹೊರಡಿಸ್ತೀವಿ. ಅದೂ ತಪ್ಪಾ?"

ಮಾಮ ಡಬ್ಬ ತಂದು ಮೇಜಿನ ಮೇಲಿಟ್ಟರು. ನಾನು ಒಂದು ಚೀಟಿ ತೆಗೆದುಕೊಟ್ಟೆ. ಅವರು ಈಗ ತಾನೇ ನೋಡಿದ ಹಾಳೆಯ ಆ ಸೋಮವಾರದ್ದೇ. ಗಡಿ ದಾಟಿದ ಹೊತ್ತು ಎಂಟೂ ಹತ್ತು.

"ಒಂಬತ್ತೂ ಐದಕ್ಕೆ ಶ್ರೀನಿವಾಸಪುರ ಬಿಟ್ಟ ಲಾರಿ," ಎಂದು ಆಫೀಸರು ನಿಧಾನವಾಗಿ ಓದಿದರು, "ಎಂಟೂ ಹತ್ತಕ್ಕೇ ಗಡಿ ದಾಟಿದೆ."

"ಇನ್ನೊಂದು ಲಾರಿ ಪುಸ್ತಕ ತರ್ಸಿ ಸಾರ್. ಅದರಲ್ಲೂ ಮಾಮನೇ ಡ್ರೈವರು. ಇದರಲ್ಲಿ ಅವ್ರು ಗಡಿ ಹತ್ರ ಇದ್ರೆ, ಅದರಲ್ಲಿ ಮಾಲೂರಲ್ಲಿ ಹೆಂಚು ತುಂಬಿಸ್ತಾ ಇರ್ತಾರೆ."

"ಆ ಪುಸ್ತಕ ಕಳೆದೋಗಿದೆ ಸಾರ್," ಎಂದ ಸಾಹುಕಾರ ತಕ್ಷಣ.

"ನೀವು ಬಂದಿದ್ದು ಹೇಗೆ?" ಎಂದು ಆಫೀಸರು ಕೇಳಿದರು.

ಸಾಹುಕಾರನ ಕಣ್ಣು ಕಿಟಕಿಯಾಚೆ ಹೋಯಿತು. ದಾರಿಯಲ್ಲಿ ಕಾಯಿ ಇಳಿಸಿ ಹೋದರಾಯಿತೆಂದು ಅವನು ಆ ಎರಡನೆಯ ಲಾರಿಯಲ್ಲೇ ಬಂದಿದ್ದ. ಅದು ಗೇಟಿನ ಮುಂದೆ ನಿಂತಿತ್ತು. ನಾನು ಓಡಿದೆ. ಅವಸರದಲ್ಲಿ ಮೆಟ್ಟಿಲ ಮೇಲೆ ಮುಗ್ಗರಿಸಿ ಯಾರದೋ ಸೈಕಲ್ಲಿನ ಮೇಲೆ ಬಿದ್ದು, ಮೊಣಕಾಲು ತರಚಿಕೊಂಡು, ಕ್ಯಾಬಿನ್ನಿನ ಸೀಟಿನಡಿಯಿಂದ ಪುಸ್ತಕ ಎಳೆದು ತಂದೆ. ಮೂರನೆಯ ಹಾಳೆಯಲ್ಲೇ ಸಿಕ್ಕಿತು. ಒಂದೇ ದಿನ, ಒಂದೇ ಗಂಟೆ, ಮಾಮ ಎರಡು ಊರಿನಲ್ಲಿ ಊಟ ಮಾಡುತ್ತಿದ್ದರು.

ಆಫೀಸರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟರು. "ಹಾಗಾದ್ರೆ ಎರಡನೇ ಲಾರಿ ಓಡ್ಸಿದ್ದು ಯಾರು?"

ಸಾಹುಕಾರ ನನ್ನ ಕಡೆ ನೋಡಿದ, ಗೆದ್ದವನ ಹಾಗೆ.

"ನಾನು ಸಾರ್. ಮೊಹರಿಲ್ದೆ."

"ನಿನ್ ಅರ್ಜಿ ನನ್ನ ಹತ್ರ ಇದೆ, ಗೊತ್ತಾ?"

"ಗೊತ್ತು ಸಾರ್. ಅದನ್ನ ಎತ್ತಿ ಪಕ್ಕಕ್ಕಿಡಿ. ಮೊದ್ಲು ಆ ಬುಧವಾರದ ಚೀಟಿ ನೋಡಿ. ಏಳೂ ಹತ್ತಕ್ಕೆ ಗಡಿ ದಾಟಿದ ಮನುಷ್ಯ ಹಿಂದಿನ ರಾತ್ರಿ ಮನೇಲಿ ಹೆಂಗೆ ಮಲಗ್ತಾನೆ? ಅವ್ರು ಕುಡುದಿರ್ಲಿಲ್ಲ ಸಾರ್. ಅವ್ರಿಗೆ ನಿದ್ದೆ ಕೊಡ್ಲಿಲ್ಲ. ನಿದ್ದೆ ಮಾಡಿದ್ರು ಅಂತ ಬರ್ದೋನು ನಾನು."

ಆಫೀಸರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಾಮನಿಗೆ ಸ್ಟೂಲು ಹಾಕಿಸಿದರು. ನನಗೆ ಬಿಳಿ ಹಾಳೆ, ಪೆನ್ನು ಕೊಟ್ಟರು. "ನಡೆದಿದ್ದು ಬರಿ. ಅದೇ ಅಕ್ಷರದಲ್ಲಿ. ಈ ಸಲ ಗಡಿಯಾರ ನೋಡ್ಕೊಂಡು."

ಮೂರು ಪುಟ ಬರೆದೆ. ಅಕ್ಷರ ಕೋಳಿ ಕೆದರಿದ ಹಾಗೆ ಬಂತು.

ಮಾಮನ ಲೈಸೆನ್ಸು ಉಳಿಯಿತು. ನಿದ್ದೆಗಣ್ಣಿನಲ್ಲಿ ಹೊರಟಿದ್ದಕ್ಕೆ ಆಫೀಸರು ಒಂದು ತಿಂಗಳು ಓಡಿಸಬಾರದೆಂದು ಬರೆದು, ಕೈ ವಾಸಿಯಾಗಲು ಅಷ್ಟು ದಿನ ಹೇಗೂ ಬೇಕೆಂದು ಬಾಯಲ್ಲಿ ಹೇಳಿದರು. ಸಾಹುಕಾರನ ಮೇಲೆ ಕೇಸು ಹೋಯಿತು. ನನ್ನ ಅರ್ಜಿ ತಿರಸ್ಕೃತವಾಯಿತು. ಒಂದು ವರ್ಷ ಮತ್ತೆ ಕೇಳುವ ಹಾಗಿಲ್ಲ. ಆ ವರ್ಷ ಮಂಡಿಗಳಲ್ಲಿ ನಾನು ಕಾಲಿಟ್ಟ ಕಡೆಯೆಲ್ಲ ಒಂದೇ ಮಾತು: "ಲಾರಿ ಓಡ್ಸೋನು ಬೇಕು, ಲಾರಿ ಮೇಲೆ ಪುರಾಣ ಓದೋನು ಬೇಡ." ಮನೆಯಲ್ಲಿ ಕೂತು ಹುಳ ಸಾಕಿದೆ. ಹುಳಗಳು ನಾನು ಬರೆದ ಹೊತ್ತಿಗೆ ಮಲಗುವುದಿಲ್ಲ, ತಮ್ಮ ಹೊತ್ತಿಗೇ ಮಲಗುತ್ತವೆ ಎಂದು ತಿಳಿಯಿತು.

ವರ್ಷ ಕಳೆದು ಮೊಹರು ಸಿಕ್ಕಿತು. ಮಾವಿನ ಕಾಲ ಮತ್ತೆ ಬಂತು. ಡ್ರೈವರುಗಳು ಸಾಲದೆ ಅದೇ ಸಾಹುಕಾರ ಮಾಮನಿಗೂ ನನಗೂ ಹೇಳಿಕಳಿಸಿದ. ಹೋದೆ. ಹೋಗುವಾಗ ಒಂದು ವಾರದಿಂದ ಬಾಯಿಪಾಠ ಮಾಡಿದ ಭಾಷಣವನ್ನೂ ಒಯ್ದೆ. ಕಾಯಿದೆ, ಗಂಟೆ, ವಿಶ್ರಾಂತಿ, ನ್ಯಾಯ ಎಲ್ಲ ಅದರಲ್ಲಿತ್ತು. ನಡುವೆ ಒಂದು ಕಡೆ ಕಣ್ಣೀರು ತರಿಸುವ ಜಾಗವೂ ಇತ್ತು.

ಮಂಡಿಯ ಅಂಗಳದಲ್ಲಿ ಲೋಡಾದ ಲಾರಿಗಳು ನಿಂತಿದ್ದವು, ಅವನ ಎರಡರ ಜೊತೆ ಆ ವರ್ಷ ಬಾಡಿಗೆಗೆ ಹಿಡಿದ ಐದು. ಮಾಮ ಮತ್ತು ನಾವು ಆರು ಜನ ಪಾರ್ಟ್ ಟೈಮಿನವರು, ಒಟ್ಟು ಏಳು ಜನ, ಸಾಲಾಗಿ ನಿಂತಿದ್ದೆವು. ಸಾಹುಕಾರ ಖಾಲಿ ಹಾಳೆಗಳ ಪುಸ್ತಕ ಬಿಡಿಸಿಟ್ಟು, ಪೆನ್ನನ್ನು ಮೊದಲು ಮಾಮನ ಕೈಗೆ ಕೊಟ್ಟ.

"ಬೇಗ ಹಾಕು. ಹೊತ್ತಾಯ್ತು."

ಮಾಮ ಬಗ್ಗಿ ಹಾಳೆಯನ್ನೇ ನೋಡಿದರು. "ಇಲ್ಲಿ ಏನ್ ಬರ್ದಿದೆ?"

"ಏನೂ ಇಲ್ಲ ಮಾರಾಯ. ಖಾಲಿ."

"ಏನೂ ಇಲ್ದೇ ಇರೋದಕ್ಕೆ ನನ್ ಸೈನ್ ಯಾಕೆ?"

"ಆಮೇಲೆ ಬರ್ಕೋತೀವಿ."

"ಹಂಗಾದ್ರೆ ಆಮೇಲೆ ಸೈನ್ ಹಾಕ್ತೀನಿ," ಎಂದು ಮಾಮ ಪೆನ್ನನ್ನು ಪುಸ್ತಕದ ಮೇಲಿಟ್ಟರು. ಜೋರು ಮಾಡಲಿಲ್ಲ. ಟವಲ್ಲು ಹೆಗಲಿಗೆ ಹಾಕಿಕೊಂಡು ಎದುರಿನ ಟೀ ಅಂಗಡಿಗೆ ನಡೆದರು. ಮಾಲೂರಿನವನೊಬ್ಬ ಹಿಂದೆ ಹೋದ. ಆಮೇಲೆ ಇನ್ನಿಬ್ಬರು. ನನ್ನ ಪಾಳಿ ಬರುವಷ್ಟರಲ್ಲಿ ಸಾಲಿನಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಭಾಷಣವನ್ನು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಪೆನ್ನಿನ ಕ್ಯಾಪು ಹಾಕಿ ಸಾಹುಕಾರನ ಕೈಗೆ ಕೊಟ್ಟು ನಾನೂ ಹೋದೆ.

"ಕಾಯಿ ಕೊಳೀತದೆ ಕಣ್ರೋ!" ಎಂದು ಅವನು ಹಿಂದಿನಿಂದ ಕೂಗಿದ.

"ಪುಸ್ತಕ ತರ್ಸಿ ಸಾವ್ಕಾರ್ರೇ," ಎಂದರು ಮಾಮ, ಬೆಂಚಿನ ಮೇಲಿಂದಲೇ. "ಏಳು ಜನ, ಏಳು ಪುಸ್ತಕ. ನಾವು ಎಲ್ಲಿಗೂ ಓಡಿ ಹೋಗಲ್ಲ. ಟೀ ಕುಡೀತಿರ್ತೀವಿ."

ಕೋಲಾರಕ್ಕೆ ಜನ ಹೋಗಿ ಪುಸ್ತಕಗಳನ್ನು ತರುವಷ್ಟರಲ್ಲಿ ಮೂರು ಟೀ ಆಯಿತು. ಬೆಳಗ್ಗೆ ಹತ್ತಕ್ಕೆ ಹೊರಡಬೇಕಿದ್ದ ಲಾರಿಗಳು ಸಾಯಂಕಾಲ ನಾಲ್ಕಕ್ಕೆ ಹೊರಟವು. ಮಾಮನಿಗೆ ಬರೆಯಲು ಬಾರದು. ಪುಸ್ತಕ ಹಿಡಿದು ನನ್ನ ಕ್ಯಾಬಿನ್ನಿನ ಹತ್ತಿರ ಬಂದರು. ನಾನು ನಾಲ್ಕು ಎಂದು ಬರೆದೆ. ಅವರು ನನ್ನ ಕೈಗಡಿಯಾರವನ್ನು ತಮ್ಮ ಕಡೆ ತಿರುಗಿಸಿ ನೋಡಿ, ಆಮೇಲೆ ಸಹಿ ಹಾಕಿದರು.